ಬರೆಯಲಿಕ್ಕೆ ಪುರುಸೊತ್ತಿಲ್ಲ ಎಂದ ತಂಗಿಗೆ

ಕಳೆದ ಸಲ ಬಂದ ಪತ್ರ ಇದು, ಅದರ ಕೆಳಗೆ ಓದುಗರ ಉತ್ತರಗಳು: “ನನಗೆ 38 ವರ್ಷ. ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ದಿನವೇತನದ ಟೀಚರ್. ಕಾಲೇಜಿನಲ್ಲಿದ್ದಾಗ ಕಥೆ ಬರೆಯುತ್ತಿದ್ದೆ. ಈಗ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಸರಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆಯ ಓದು. ಹನ್ನೆರಡು ವರ್ಷದಿಂದ ಒಂದು ಪುಟ ಬರೆದಿಲ್ಲ. ‘ಬರೆದು ಎಂಥ ಸಿಕ್ಕುತ್ತದೆ?’ ಅಂತ ಮನೆಯವರು ಕೇಳುತ್ತಾರೆ. ಮಗಳು ಇಂಗ್ಲಿಷ್ ಮೀಡಿಯಂ, ನಾನು ಬರೆದದ್ದನ್ನು ಅವಳೂ ಓದಲಿಕ್ಕಿಲ್ಲ. ಈ ಆಸೆ ಬಿಟ್ಟುಬಿಡಲಾ?”

ಬಿಡಬೇಡಿ ತಂಗಿ. ನಾನೂ ಟೀಚರಾಗಿದ್ದವಳು, ಈಗ ನಿವೃತ್ತಿ. ನಮ್ಮ ಕಾಸರಗೋಡಿನಲ್ಲೇ 1936ರಲ್ಲಿ ಹುಟ್ಟಿದ ಕಥೆಗಾರ್ತಿ ಸಾರಾ ಅಬೂಬಕ್ಕರ್ ಅವರನ್ನು ನೆನೆಸಿಕೊಳ್ಳಿ. ಮದುವೆ, ನಾಲ್ಕು ಗಂಡುಮಕ್ಕಳು, ಸಂಸಾರ ಎಲ್ಲ ಆದ ಮೇಲೆ, 1981ರಲ್ಲಿ ಅವರ ಬರಹ ಲಂಕೇಶ್ ಪತ್ರಿಕೆಯಲ್ಲಿ ಬಂತು. ಆಗ ಅವರಿಗೆ 45ರ ಹತ್ತಿರ. ನಿಮಗಿನ್ನೂ 38, ಅಲ್ವಾ?

ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಅಕ್ಕಿ ಡಬ್ಬದ ಮೇಲೆ ಮಕ್ಕಳ ಹಳೆ ನೋಟ್ಸ್ ಪುಸ್ತಕ ಒಂದನ್ನು ಇಟ್ಟೆ. ಅದಕ್ಕೆ ದಾರದಲ್ಲಿ ಪೆನ್ಸಿಲ್ ಕಟ್ಟಿದೆ. ದಾರ ಇಲ್ಲದಿದ್ದರೆ ಪೆನ್ಸಿಲನ್ನು ಮಕ್ಕಳು ಒಯ್ಯುತ್ತಿದ್ದರು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕಲ್ಲ, ಆಗ ನಾಲ್ಕು ಸಾಲು. ಪುಟದ ತುಂಬ ಅರಿಶಿನದ ಬೆರಳಚ್ಚು. ಒಂದು ಮಳೆಗಾಲ ಮುಗಿಯುವಾಗ ಒಂದು ಕಥೆ ಆಯಿತು. ಆಮೇಲೆ ಸಂಜೆ ಐದರಿಂದ ಐದೂವರೆ ನನ್ನನ್ನು ಕರೆಯಬೇಡಿ ಅಂತ ಮನೆಯಲ್ಲಿ ಬಾಯಿಬಿಟ್ಟು ಹೇಳಿದೆ. ಮೊದಲ ವಾರ ಎಲ್ಲರೂ ಕರೆದರು. ನಾನು ಏಳಲಿಲ್ಲ. ಎರಡನೇ ವಾರ ಮಗ ತಾನೇ ಚಾ ಮಾಡಿಕೊಂಡ. ನೀವು ಇದುವರೆಗೆ ಬಾಯಿಬಿಟ್ಟು ಕೇಳಿದ್ದೀರಾ?
– ನಿವೃತ್ತ ಶಿಕ್ಷಕಿ, ಕಾಸರಗೋಡು

ನಾನು ಅಡಿಕೆ ಕೃಷಿಕ. ನಮ್ಮ ತೋಟಕ್ಕೆ ನೀರು ಬರುವುದು ಅಜ್ಜ ಗುಡ್ಡದೊಳಗೆ ಅಡ್ಡಕ್ಕೆ ತೋಡಿದ ಸುರಂಗದಿಂದ, ಒಳಗೆ ಒಸರುವ ನೀರು ಅದರಲ್ಲಿ ಹರಿದು ಬರುತ್ತದೆ. ಗುಡ್ಡದ ಮುರಕಲ್ಲನ್ನು ಕುಕ್ಕರಗಾಲಲ್ಲಿ ಕೂತು ಪಿಕ್ಕಾಸಿನಿಂದ ಕಡಿಯಬೇಕು. ಮೋಂಬತ್ತಿ ನಂದಿದರೆ ಉಸಿರಾಡುವ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಬೇರೆಯವರ ತೋಟದ ಕೆಲಸ ಮುಗಿಸಿ ಬಂದ ಮೇಲೆ ಅಜ್ಜ ತೋಡುತ್ತಿದ್ದರು. ಕೆಲವು ದಿನ ಒಂದು ಗೇಣು ಕೂಡ ಮುಂದೆ ಹೋಗುತ್ತಿರಲಿಲ್ಲವಂತೆ. ಆ ನೀರು ಈಗಲೂ ಬೆರಳು ದಪ್ಪಕ್ಕೆ ಬರುತ್ತಿದೆ.

ಆದರೆ ಒಂದು ಮಾತು. ನಿಮ್ಮ ಊರಿನವರೇ ಆದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಶಾಲೆ, ಬೇಸಾಯ, ಪಂಚಾಯತು ಎಲ್ಲದರ ನಡುವೆ ಬರೆದರು ಅಂತ ಯಾರಾದರೂ ನಿಮಗೆ ಹೇಳಬಹುದು. ಅದು ನಿಜ, ನನಗೂ ಅವರ ಮೇಲೆ ತುಂಬ ಗೌರವ. ಆದರೆ ಹೆಂಗಸರಿಗೆ ಹಾಗೆ ಹೇಳುವುದು ಸರಿಯಲ್ಲ. ಗಂಡಸು ತೋಟದಿಂದ ಬರುವಾಗ ಅನ್ನ ಬೆಂದಿರುತ್ತದೆ. ನನಗೂ ಹಾಗೆಯೇ ಇತ್ತು. ಹೆಂಡತಿಗೆ ಸೊಂಟನೋವು ಬಂದು ನಾನು ಅಡುಗೆಮನೆಗೆ ಹೋದ ಮೇಲೆಯೇ ಒಂದು ದಿನದಲ್ಲಿ ಎಷ್ಟು ಕೆಲಸ ಉಂಟು ಅಂತ ಗೊತ್ತಾದದ್ದು. ಈ ಪತ್ರವನ್ನು ನಿಮ್ಮ ಯಜಮಾನರಿಗೆ ಓದಲು ಕೊಡಿ. ಅತ್ತೆಯ ರಾತ್ರಿ ಆರೈಕೆ ವಾರಕ್ಕೆ ಎರಡು ದಿನ ಅವರೇ ನೋಡಿಕೊಳ್ಳಲಿ. ಅವರ ತಾಯಿಯಲ್ವಾ?
– ಎಣ್ಮಕಜೆಯ ಓದುಗ

ಅಕ್ಕ, ನಾನು ಬೇರೆ ಮಾತು ಹೇಳುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಬರೆಯಬೇಡಿ. ಬರೆಯಲಿಲ್ಲವಲ್ಲ ಅಂತ ದಿನಾ ಕೊರಗುವುದೇ ಜಾಸ್ತಿ ಸುಸ್ತು. ಖಾಯಂ ಕೆಲಸ ಸಿಕ್ಕಿದರೆ ಮನೆಯಲ್ಲಿ ನಿಮ್ಮ ಮಾತಿಗೂ ತೂಕ ಬರುತ್ತದೆ. ನನಗೆ ಹಾಗೇ ಆಯಿತು. ಅಲ್ಲಿವರೆಗೆ ಹೊಳೆದದ್ದನ್ನು ಮೊಬೈಲಿನಲ್ಲಿ ಮಾತಾಡಿ ಇಟ್ಟುಕೊಳ್ಳಿ. ನಾನು ಬೆಳಗಿನ ರೈಲಿನಲ್ಲಿ ಅದನ್ನೇ ಮಾಡುತ್ತೇನೆ.
– ಮಂಜೇಶ್ವರದಿಂದ

ಮಗಳು ಓದಲಿಕ್ಕಿಲ್ಲ ಅಂತ ಬರೆದಿದ್ದೀರಿ. ನಾನೂ ಅಂಥ ಮಗಳೇ. ಕನ್ನಡ ಕೂಡಿಸಿ ಕೂಡಿಸಿ ಓದುವವಳು. ಅಮ್ಮ ತೀರಿಹೋದ ಮೇಲೆ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು. ಕೊನೆಯ ಪುಟದಲ್ಲಿ ಅಮ್ಮ ಬರೆದಿದ್ದರು: “ಇವತ್ತು ಜೋರು ಮಳೆ. ಮಗುವಿನ ಜ್ವರ ಬಿಟ್ಟಿತು. ನನಗೆ ಯಾಕೋ ಚಿಕ್ಕವಳಿದ್ದಾಗಿನ” ಅಷ್ಟೇ. ಮುಂದೆ ಖಾಲಿ. ಆ ಎರಡೂವರೆ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆಗ ಯಾರೋ ಅಮ್ಮನನ್ನು ಕರೆದಿರಬೇಕು. ನಾನೇ ಇರಬೇಕು.
– ಕುಂಬಳೆಯ ಓದುಗಿ