ಸಹಾಯ ಬೇಕು: ಅಟೋರ್ವಾಸ್ಟಾಟಿನ್ ಬಿಟ್ಟು ರೋಸುವಾಸ್ಟಾಟಿನ್ ಶುರು ಮಾಡುವಾಗ ಡೋಸ್ ಎಷ್ಟಿರಬೇಕು?

ಡಾಕ್ಟರ್‌ಗಳು, ಫಾರ್ಮಸಿಸ್ಟ್‌ಗಳು ದಯವಿಟ್ಟು ನೋಡಿ. ರೋಗಿಗೆ 58 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಕೊಲೆಸ್ಟ್ರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ.ನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 64ಕ್ಕೆ ಇಳಿದಿತ್ತು, ಆದರೆ ಎರಡೂ ತೊಡೆಗಳಲ್ಲಿ ನೋವು, ಮೆಟ್ಟಿಲು ಹತ್ತೋದೇ ಕಷ್ಟ. ಸಿಕೆ (ಸ್ನಾಯು ಹಾನಿ ತೋರಿಸುವ ರಕ್ತಪರೀಕ್ಷೆ), ಥೈರಾಯ್ಡ್, ವಿಟಮಿನ್ ಡಿ, ಕ್ರಿಯಾಟಿನಿನ್ ಎಲ್ಲ ಸರಿ ಇವೆ. ಡಾಕ್ಟರ್ ಹೇಳಿದಂತೆ ಮೂರು ವಾರ ನಿಲ್ಲಿಸಿದಾಗ ನೋವು ಪೂರ್ತಿ ಹೋಯ್ತು. 20ರಲ್ಲಿ ಮತ್ತೆ ಶುರು ಮಾಡಿದ ಹತ್ತೇ ದಿನಕ್ಕೆ ವಾಪಸ್ ಬಂತು.

ಬಿಪಿಗೆ ಡಿಲ್ಟಿಯಾಜೆಮ್ ಕೂಡ ನಡೀತಿದೆ. ಅಟೋರ್ವಾಸ್ಟಾಟಿನ್ ಅನ್ನು ಒಡೆಯುವ ಲಿವರ್ ಕಿಣ್ವವನ್ನು ಅದು ತಡೆಯೋದರಿಂದ ರಕ್ತದಲ್ಲಿ ಮಾತ್ರೆಯ ಮಟ್ಟ ಏರುತ್ತೆ. ರೋಸುವಾಸ್ಟಾಟಿನ್ ಆ ಕಿಣ್ವದ ಮೇಲೆ ಅಷ್ಟು ಅವಲಂಬಿಸಿಲ್ಲ, ಹಾಗಾಗಿ ಬದಲಾಯಿಸೋದು ಖಚಿತ.

ಗೊಂದಲ ಇರೋದು ಡೋಸ್‌ನಲ್ಲಿ. ಅಟೋರ್ವಾಸ್ಟಾಟಿನ್ 40ಕ್ಕೆ ಹೆಚ್ಚುಕಡಿಮೆ ಸಮ ಅಂದ್ರೆ ರೋಸುವಾಸ್ಟಾಟಿನ್ 10. ನೇರ ಅಲ್ಲಿಗೇ ಹೋದ್ರೆ ನೋವು ಮರಳುವ ಭಯ. 5ರಿಂದ ಶುರು ಮಾಡಿದ್ರೆ ಎಲ್‌ಡಿಎಲ್ 70ರೊಳಗೆ ನಿಲ್ಲಲಿಕ್ಕಿಲ್ಲ. ಸ್ಟಾಟಿನ್ (ಈ ಎರಡೂ ಮಾತ್ರೆ ಸೇರುವ ಗುಂಪು) ಡೋಸ್ ದುಪ್ಪಟ್ಟು ಮಾಡಿದ್ರೂ ಹೆಚ್ಚುವರಿ ಇಳಿಕೆ ಸುಮಾರು 6% ಮಾತ್ರ. ಸ್ಟಾಟಿನ್ ಅಲ್ಲದ ಕೊಲೆಸ್ಟ್ರಾಲ್ ಮಾತ್ರೆ ಎಜೆಟಿಮೈಬ್ 10 ಸೇರಿಸಿದ್ರೆ ಸುಮಾರು 20%.

ಮೊದಲ ದಿನದಿಂದಲೇ 5ರ ಜೊತೆ ಎಜೆಟಿಮೈಬ್ ಕೊಡೋದು ಸರಿಯೋ, ಅಥವಾ 5 ಒಂದನ್ನೇ ಕೊಟ್ಟು 6 ವಾರದ ಲಿಪಿಡ್ ರಿಪೋರ್ಟ್ ನೋಡಿ ಸೇರಿಸಬೇಕೋ? ಕಾರಣ ಸಮೇತ ಹೇಳಿ, ಡಾಕ್ಟರ್ ಹತ್ತಿರ ಅದನ್ನೇ ಇಟ್ಟು ಕೇಳಬೇಕು.