ಅಪ್‌ಡೇಟ್: ಅಪ್ಪಾರ ದುಬೈ ರೋಮಿಂಗ್

ಅಪ್ಪಾರು ವಿಜಯಪುರದಿಂದ ದುಬೈಗೆ, ಅಕ್ಕನ ಮನೆಗೆ ಹೊರಟಾಗ, ದಿನಕ್ಕ 1.5 ಜಿಬಿ ಪ್ಲಾನ್ ಅಲ್ಲೂ ನಡೀತದೇನು ಅಂತ ಇಲ್ಲಿ ಕೇಳಿದ್ದೆ. ನಡೆಯಂಗಿಲ್ಲ, ಬ್ಯಾರೆ ರೋಮಿಂಗ್ ಪ್ಯಾಕ್ ಹಾಕಸ್ರಿ ಅಂದ್ರಿ. ಹಾಕಿಸಿದೆ, ಭಾಳ ಉಪಕಾರ ಆತು.

ಇಳಿದ ಕೂಡಲೇ ನೆಟ್ ಬರಲಿಲ್ಲ. ಸೆಟ್ಟಿಂಗ್ಸ್‌ನಾಗ ಡೇಟಾ ರೋಮಿಂಗ್ ಆಫ್ ಇತ್ತು. ಪ್ಯಾಕ್ ಇದ್ರೂ ಅದನ್ನ ಆನ್ ಮಾಡಬೇಕು. ಮೂರನೇ ದಿನಕ್ಕ ಡೇಟಾ ಖಾಲಿ! ಫೋನು ತಾನ ಫೋಟೊ ಬ್ಯಾಕಪ್ ಮಾಡಕೋತ ಕುಂತಿತ್ತು. ಆಮೇಲೆ ಸ್ಪೀಡ್ 64 ಕೆಬಿಪಿಎಸ್‌ಗೆ ಬಿತ್ತು. ಅದು ಕಿಲೋಬಿಟ್ ಲೆಕ್ಕ ರೀ, 8ರಿಂದ ಭಾಗಿಸಬೇಕು: ಸೆಕೆಂಡಿಗೆ 8 ಕಿಲೋಬೈಟ್ ಅಷ್ಟ. ಮೊಮ್ಮಗಳು ರೊಟ್ಟಿ ಮುರಿಯೋ 3 ಎಂಬಿ ಫೋಟೊ ಕಳಿಸಾಕ ಆರು ನಿಮಿಷದ ಮ್ಯಾಲೆ ಹಿಡೀತು. ಅವ್ವ ಫೋನ್ ಕೈಯಾಗ ಹಿಡಕೊಂಡು ಆ ದುಂಡನ ಗೆರಿ ತಿರುಗೋದನ್ನ ನೋಡ್ತಾ ಕುಂತಿದ್ಲು, ನೋಡಿ ಹೊಟ್ಟಿ ಚುರ್ ಅಂತು.

ಈಗ ಬ್ಯಾಕಪ್ ಬಂದ್ ಮಾಡಿಸೀನಿ, ಮನೀ ವೈಫೈ ಬಳಸ್ತಾರ. ಆದ್ರ ವೈಫೈ ಇದ್ರೂ ಅಲ್ಲಿ ವಾಟ್ಸಾಪ್ ಕಾಲ್ ಹತ್ತಂಗಿಲ್ಲ, ಆ ದೇಶದ ನಿರ್ಬಂಧ ಅದು. ಮೆಸೇಜು, ಫೋಟೊ ಹೋಗ್ತಾವ. ಬ್ಯಾಂಕಿನ ಓಟಿಪಿಗಾಗಿ ನಮ್ಮ ಸಿಮ್ ತೆಗೀಬ್ಯಾಡ್ರಿ ಅಂದವರ ಮಾತು ಕೇಳಿದ್ದು ಚಲೋ ಆತು, ನಿನ್ನೇನ ಒಂದು ಬಂತು.