ಬಿಡಿಭಾಗ ಮಾರಿದ ಮೇಲೆ ಏನಾದರೂ ಆದರೆ ಹೊಣೆ ಯಾರದು?

ಪ್ರಶ್ನೆ: ತುಮಕೂರಿನಲ್ಲಿ ಕಾರ್ ಆಕ್ಸೆಸರೀಸ್ ಅಂಗಡಿ ತೆರೆಯುತ್ತಿದ್ದೇನೆ. ಬ್ರೇಕ್ ಪ್ಯಾಡ್, ಹೆಡ್‌ಲೈಟ್ ಬಲ್ಬ್, ಬುಲ್‌ಬಾರ್ (ಕಾರಿನ ಮುಂಭಾಗಕ್ಕೆ ಕಟ್ಟುವ ಲೋಹದ ಕಂಬಿ) ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರುವುದು. ಕಂಪನಿಯದ್ದಲ್ಲದ ಪಾರ್ಟ್‌ನಿಂದ ಅಪಘಾತವಾದರೆ ನನ್ನ ತಲೆಗೆ ಬರುತ್ತಾ? ಬಿಲ್ ಮೇಲೆ ‘ನೋ ಗ್ಯಾರಂಟಿ’ ಅಂತ ಮುದ್ರಿಸಿದರೆ ಸಾಕಾ?

ಉತ್ತರ: ಸಾಲದು ಸರ್. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 86ನೇ ಕಲಂ ಓದಿಕೊಳ್ಳಿ. ತಯಾರಕ ಯಾರೆಂದೇ ಗೊತ್ತಿಲ್ಲದ ಮಾಲು ಮಾರಿದರೆ, ಅಥವಾ ಗೊತ್ತಿದ್ದರೂ ಅವರಿಗೆ ನೋಟಿಸ್ ಮುಟ್ಟಿಸಲು ಆಗದಿದ್ದರೆ, ಹೊಣೆ ಮಾರಿದವರದೇ. ಹಾಗಾಗಿ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಇಲ್ಲದ ಬಿಳಿ ಡಬ್ಬಿಯ ಬ್ರೇಕ್ ಪ್ಯಾಡ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಟ್ಟಬೇಡಿ. ಸಗಟು ಅಂಗಡಿಯಿಂದ ಜಿಎಸ್‌ಟಿ ಬಿಲ್ ಕೇಳಿ ತನ್ನಿ, ಬ್ಯಾಚ್ ನಂಬರನ್ನು ನಿಮ್ಮ ಬಿಲ್‌ನಲ್ಲೂ ಬರೆಯಿರಿ. ಇನ್ನೊಂದು, ಬಾಯಿಮಾತಿಗೂ ಬೆಲೆಯಿದೆ. ‘ಒರಿಜಿನಲ್‌ಗಿಂತ ಗಟ್ಟಿ, ಐವತ್ತು ಸಾವಿರ ಕಿಲೋಮೀಟರ್ ಗ್ಯಾರಂಟಿ’ ಅಂದರೆ ಅದು ನೀವೇ ಕೊಟ್ಟ ವಾರಂಟಿ, ತಯಾರಕರದ್ದಲ್ಲ.

ಉತ್ತರ: ಮೇಲಿನವರು ಹೇಳಿದ್ದು ಸರಿ, ಆದರೆ ಹೆಚ್ಚು ಜನ ಸಿಕ್ಕಿಬೀಳುವುದು ಫಿಟ್ಟಿಂಗ್‌ನಲ್ಲಿ. ಹೆಡ್‌ಲೈಟ್‌ನ ಎಚ್4 ಬಲ್ಬ್ ಕಂಪನಿಯಿಂದ 60/55 ವ್ಯಾಟ್ (ಹೈ ಬೀಮ್/ಲೋ ಬೀಮ್) ಬರುತ್ತದೆ. ಗಿರಾಕಿ 100/90 ಕೇಳುತ್ತಾನೆ. ರಿಲೇ (ಹೆಚ್ಚಿನ ಕರೆಂಟನ್ನು ಬೇರೆ ವೈರ್‌ನಲ್ಲಿ ಹಾಯಿಸುವ ಸ್ವಿಚ್) ಇಲ್ಲದೆ ಹಳೇ ವೈರಿಂಗ್‌ಗೇ ಸಿಕ್ಕಿಸಿದರೆ ಹೋಲ್ಡರ್ ಮೊದಲು ಕಂದಾಗುತ್ತದೆ, ಆಮೇಲೆ ಕರಗುತ್ತದೆ. ವೈರ್ ಕತ್ತರಿಸಿ ಟೇಪ್ ಸುತ್ತಿದ್ದು ನಿಮ್ಮ ಹುಡುಗನಾದರೆ ತಯಾರಕರ ಕಡೆ ಬೆರಳು ತೋರಿಸಲು ಆಗದು. ಜೋಡಿಸುವಾಗ ಎಚ್ಚರ ತಪ್ಪಿದ್ದೂ, ಡಬ್ಬಿಯೊಳಗಿನ ಸೂಚನೆ ಚೀಟಿ ಗಿರಾಕಿಗೆ ಕೊಡದೇ ಇದ್ದದ್ದೂ ಅದೇ 86ರಲ್ಲಿವೆ. ಆ ಚೀಟಿ ಸಾಮಾನ್ಯವಾಗಿ ಖಾಲಿ ಡಬ್ಬಿಯ ಜೊತೆ ಕಸದ ಬುಟ್ಟಿಗೇ ಹೋಗುತ್ತದೆ! ಬಿಲ್‌ಗೆ ಪಿನ್ ಮಾಡಿ ಕೊಡಿ. ಗಿರಾಕಿ ಬೇರೆ ಕಡೆ ಹಾಕಿಸುವುದಾದರೆ ‘ಫಿಟ್ಟಿಂಗ್ ನಮ್ಮದಲ್ಲ’ ಎಂದು ಬರೆದು ಸಹಿ ಹಾಕಿಸಿ. ಆಮೇಲೆ ಯಾರಾದರೂ ಆ ಪಾರ್ಟನ್ನು ಮಾರ್ಪಡಿಸಿದ್ದರೆ 87ನೇ ಕಲಂ ನಿಮ್ಮ ಪರ.

ಉತ್ತರ: ಬುಲ್‌ಬಾರ್ ಇಡಲೇಬೇಡಿ. ಅನುಮತಿಯಿಲ್ಲದ ಮಾರ್ಪಾಡೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಸೀಟ್‌ಬೆಲ್ಟ್ ಅಲಾರಂ ನಿಲ್ಲಿಸುವ ಕ್ಲಿಪ್ ಕೂಡ ಬೇಡ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಂದ ಅದನ್ನು ತೆಗೆಸಿತು. ಸುರಕ್ಷತೆಗೆ ನಿರ್ಣಾಯಕ ಎಂದು ಅಧಿಸೂಚನೆಯಾದ ಭಾಗ ನಿಯಮಕ್ಕೆ ಹೊಂದದಿದ್ದರೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ, ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಡಬ್ಬಿಯ ಮೇಲೆ ‘ಸ್ವಿಫ್ಟ್‌ಗೆ ಹೊಂದುತ್ತದೆ’ ಎಂದಿದ್ದರೆ ತೊಂದರೆಯಿಲ್ಲ, ಕಂಪನಿಯದ್ದಲ್ಲದ ಪಾರ್ಟಿಗೆ ಕಂಪನಿಯ ಲೋಗೋ ಅಚ್ಚಾಗಿದ್ದರೆ ಅದು ನಕಲಿ ಮಾಲಿನ ಬೇರೆಯೇ ಕೇಸು.

ಪ್ರಶ್ನೆ: ಕೆಟ್ಟ ಪಾರ್ಟ್ ವಾಪಸ್ ತಂದರೆ ಏನು ಮಾಡಲಿ?

ಉತ್ತರ: ಬದಲಿ ಕೊಟ್ಟು ಹಳೆಯದನ್ನು ಗುಜರಿಗೆ ಹಾಕಿಬಿಡುವುದೇ ದೊಡ್ಡ ತಪ್ಪು. ದೋಷ ಪರೀಕ್ಷೆ ಮಾಡಿಸದೆ ಗೊತ್ತಾಗದು ಅನಿಸಿದರೆ ಗ್ರಾಹಕ ಆಯೋಗ ಸ್ಯಾಂಪಲ್ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ, ಆಗ ನಿಮ್ಮ ಕೈಯಲ್ಲಿ ಪಾರ್ಟೇ ಇರುವುದಿಲ್ಲ. ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಅಷ್ಟು ದಿನ ಬಿಲ್ ನಂಬರ್, ತಾರೀಕು ಬರೆದ ಚೀಟಿ ಕಟ್ಟಿ ಗೋಣಿಚೀಲದಲ್ಲಿ ಇಟ್ಟಿರಿ.